ಓಲ್ಡ್ ನಂಬರ್ ಒನ್ನಿನ ವ್ಯಾಜ್ಯ

ಒಂದು ಕೋಟಿ ಪೌಂಡುಗಳ ಬೆಲೆಗೆ ವಿಕ್ರಯದ ಒಪ್ಪಂದವಾಗಿ, ಆಮೇಲೆ ಕೊಳ್ಳುವವರು ಹಿಂಜರಿದುದರಿಂದ ಕೋರ್ಟಿನ ಮೆಟ್ಟಿಲೇರಿದ ಮೋಟಾರು ಗಾಡಿಯೊಂದು, ತಾನು ಯಾವ ಗಾಡಿಯೆಂದು ಹೆಸರಾಗಿತ್ತೋ ನಿಜವಾಗಿ ಅದೇ ಗಾಡಿಯೋ ಅಲ್ಲವೋ ಎಂಬುದನ್ನು, 1990ರಲ್ಲಿ ಲಂಡನ್ನಿನ ಹೈಕೋರ್ಟಿನ ನ್ಯಾಯಾಧೀಶರಾದ ಆಟನ್ ಅವರು ನಿರ್ಣಯಿಸಬೇಕಾಗಿ ಬಂದಿತು. ಆ ಗಾಡಿ ‘ಓಲ್ಡ್ ನಂಬರ್ ಒನ್’ ಎಂದು ಪ್ರಖ್ಯಾತವಾದ ಬೆಂಟ್ಲಿ ಸ್ಪೀಡ್ ಸಿಕ್ಸ್.

1919ರಲ್ಲಿ ಡಬ್ಲ್ಯೂ. ಓ. ಬೆಂಟ್ಲಿಯವರು ಸ್ಥಾಪಿಸಿದ ಕಂಪನಿ ಲಂಡನ್ನಿನ ಕ್ರಿಕಲ್‌ವುಡ್ಡಿನಲ್ಲಿ ಗಾಡಿಗಳನ್ನು ಕಟ್ಟುತ್ತಿದ್ದಿತು. ಅದಕ್ಕೆ ಕೀರ್ತಿ ವಿಪುಲವಾಗಿ ಬಂದಿತಾದರೂ ಹಣ ಎಂದೂ ಸಾಲದು. ಕಿಂಬರ್ಲಿಯ ವಜ್ರದ ಗಣಿಗಳಿಂದ ಬಂದ ಪಿತ್ರಾರ್ಜಿತವನ್ನು ಅದರಲ್ಲಿ ತೊಡಗಿಸಿ ಅಧ್ಯಕ್ಷನಾದ ವುಲ್ಫ್ ಬರ್ನಾಟೋ ತಾನೇ ಚಕ್ರ ಹಿಡಿದು ಪಂದ್ಯಗಳಿಗೆ ಇಳಿಯುತ್ತಿದ್ದನು. ಫ್ರಾನ್ಸಿನ ಲ ಮಾನ್ಸ್‌ನಲ್ಲಿ ಇಪ್ಪತ್ತನಾಲ್ಕು ಗಂಟೆ ಅಹೋರಾತ್ರಿ ನಡೆಯುವ ಪಂದ್ಯವನ್ನು ಈ ಗಾಡಿಯಲ್ಲಿಯೇ 1929ರಲ್ಲಿ ಬರ್ಕಿನ್ನನೊಡನೆಯೂ, 1930ರಲ್ಲಿ ಕಿಡ್‌ಸ್ಟನ್ನನೊಡನೆಯೂ ಅವನು ಗೆದ್ದನು. ಒಂದೇ ಗಾಡಿ ಎರಡು ವರ್ಷ ಗೆದ್ದದ್ದು ಅದೇ ಮೊದಲೆಂದು ಜನ ಕೊಂಡಾಡಿದರು. ಎರಡನೆಯ ವರ್ಷದ ಹೊತ್ತಿಗೆ ಅದರ ಅಂಗಾಂಗಗಳಲ್ಲಿ ಎಷ್ಟೋ ಬದಲಾಗಿದ್ದುವು, ಆದರೆ ಆಗ ಅದನ್ನು ಕೇಳುವವರಾರು?

ಕೇಳದಿದ್ದುದಕ್ಕೆ ಕಾರಣವೂ ಇದೆ. ಆ ಕಾಲದ ಬೆಂಟ್ಲಿ ಕಂಪನಿ ಮಾರುತ್ತಿದ್ದುದು ಚಾಸಿ ಮತ್ತು ಎಂಜಿನ್ನುಗಳನ್ನು. ಮೇಲಿನ ಮೈಯನ್ನು ಕೊಂಡವನು ತನಗೊಪ್ಪಿದ ಬಾಡಿ ಕಟ್ಟುವವರಿಂದ ಕಟ್ಟಿಸಿಕೊಳ್ಳುತ್ತಿದ್ದನು, ಬೇಸರವಾದಾಗ ಕಳಚಿ ಬೇರೊಂದನ್ನು ಕೂರಿಸುತ್ತಿದ್ದನು. ಪಂದ್ಯದ ಗಾಡಿಯ ಪಾಡಂತೂ ಕೇಳಬೇಕಾದುದೇ ಇಲ್ಲ: ಮುರಿದದ್ದನ್ನು ಎಸೆದು, ಮುಂದಿನ ಓಟಕ್ಕೆ ಒದಗಿದ್ದನ್ನು ಜೋಡಿಸುವುದೇ ವಾಡಿಕೆ. 1931ರಲ್ಲಿ ಕಂಪನಿ ರೋಲ್ಸ್-ರಾಯ್ಸಿನ ವಶವಾದ ಮೇಲೆ, ಬರ್ನಾಟೋ ಇದಕ್ಕೆ ಎಂಟು ಲೀಟರಿನ ಎಂಜಿನ್ನನ್ನು ಹಾಕಿಸಿ, 1932ರಲ್ಲಿ ಬ್ರೂಕ್‌ಲ್ಯಾಂಡ್ಸಿನ ಐನೂರು ಮೈಲಿಗಳ ಪಂದ್ಯಕ್ಕೆ ಕಳುಹಿಸಿದನು. ಅಣ್ಣ ಜಾಕ್‌ನಿಂದ ಚಕ್ರವನ್ನು ವಹಿಸಿಕೊಂಡ ಕ್ಲೈವ್ ಡನ್‌ಫೀ ಗೋಡೆಯಂತೆ ಓರೆಯಾಗಿ ಎದ್ದ ಕಾಂಕ್ರೀಟಿನ ತಿರುವಿನಲ್ಲಿ ತೀರ ಮೇಲಕ್ಕೆ ಹೋದನು, ಗಾಡಿ ಅಂಚನ್ನು ದಾಟಿ ಆಚೆಗೆ ಉರುಳಿತು, ಡನ್‌ಫೀ ಮಡಿದನು. ಅನಂತರ ಬರ್ನಾಟೋ ಉಳಿದುದನ್ನು ಸರಿಪಡಿಸಿ, ಮುಚ್ಚಿದ ಮೈಯ ಗಾಡಿಯನ್ನಾಗಿ ಮತ್ತೆ ಕಟ್ಟಿಸಿದನು.

ದಶಕಗಳು ಕಳೆದ ಮೇಲೆ ಅದರ ಒಡೆಯರೊಬ್ಬರು ಅದನ್ನು ಪುನಃ ತೆರೆದ ಪಂದ್ಯದ ರೂಪಕ್ಕೆ ತಂದು ಮಾರಾಟಕ್ಕೆ ಮುಂದಾದರು. ಹಳೆಯ ಗಾಡಿಗಳ ಬೆಲೆ ಆಕಾಶಕ್ಕೇರಿದ್ದ ಕಾಲವದು. ಕೊಳ್ಳಲು ಒಪ್ಪಿದ್ದವರು, ಇದು ಓಲ್ಡ್ ನಂಬರ್ ಒನ್ನೇ ಅಲ್ಲವೆಂದು ತಗಾದೆ ತೆಗೆದರು. ಆಗ ಗಾಡಿಯನ್ನು ಅಂಗುಲ ಅಂಗುಲವಾಗಿ ಪರೀಕ್ಷಿಸಿದ ತಜ್ಞಸಾಕ್ಷ್ಯದಿಂದ ಹೊರಬಿದ್ದ ಪಟ್ಟಿಯನ್ನು ನೋಡಿದರೆ ಯಾರಿಗಾದರೂ ಕನಿಕರವೆನಿಸೀತು: 1930ರ ವಿಜಯದ ಗಾಡಿಯಿಂದ ಉಳಿದಿದ್ದುದು ಪೆಡಲುಗಳ ದಂಡ, ಗೇರ್ ಬಾಕ್ಸಿನ ಹೊರಕವಚ, ಸ್ಟಿಯರಿಂಗಿನ ಕಂಬ, 1932ರ ರೂಪದಿಂದ ಮುಂದಿನ ಆಕ್ಸಲು, ಹಿಂದಿನ ಬ್ರೇಕುಗಳು ಮುಂತಾದ ಕೆಲವು.

ಅಚ್ಚು, ಗಾಲಿ, ತೊಲೆಗಳನ್ನು ತಲೆಮಾರಿಗೊಮ್ಮೆ ಬದಲಿಸಿದರೂ ಊರಿನ ತೇರು ಆ ಊರಿನ ತೇರೇ ಆಗಿರುವುದನ್ನು ಕಂಡ ನಮಗೆ ಆಟನ್ ಅವರ ತೀರ್ಪು ಅಪರಿಚಿತವೆನಿಸದು. ಭಾಗಗಳ ದೃಷ್ಟಿಯಿಂದ ಇದನ್ನು ಮೂಲ ಗಾಡಿಯೆನ್ನಲಾಗದು, ಆದರೆ 1929ರಿಂದ ಇಂದಿನವರೆಗೆ ಅದರ ಇರವು ಎಂದೂ ಕಡಿದುಹೋಗದೆ, ಒಂದೊಂದು ಬದಲಾವಣೆಯೂ ಅದೇ ಗಾಡಿಯ ಮೇಲೆಯೇ ನಡೆದಿರುವುದರಿಂದ ಇದು ಅಧಿಕೃತವಾದ ಓಲ್ಡ್ ನಂಬರ್ ಒನ್ನೇ ಎಂದು ಅವರು ಹೇಳಿ, ಮಾರಿದವರ ಪಕ್ಷಕ್ಕೆ ಜಯವನ್ನಿತ್ತರು.

ತೀರ್ಪು ನ್ಯಾಯವಾದುದೆಂದೇ ನನ್ನ ಭಾವನೆ. ಆದರೆ ಅದು ನಿಂತಿರುವ ನೆಲ ಬಹು ಇಕ್ಕಟ್ಟಾದುದು. ಆ ಹೆಸರಿಗೆ ಹಕ್ಕು ಹೂಡಬಲ್ಲ ಇನ್ನೊಂದು ಬೆಂಟ್ಲಿ ಎಲ್ಲಿಯೂ ಇರಲಿಲ್ಲವೆಂಬುದೂ ನ್ಯಾಯಾಧೀಶರ ವಾದಕ್ಕೆ ಒಂದು ಆಧಾರವಾಗಿದ್ದಿತು. ಹೊರಗೆ ಎಸೆದ ಆ ಹಳೆಯ ಚಾಸಿ, ಎಂಜಿನ್ನುಗಳನ್ನು ಯಾವನೋ ಮಿತವ್ಯಯಿ ಕೂಡಿಟ್ಟು, ಅವುಗಳ ಸುತ್ತ ಎರಡನೆಯದೊಂದು ಗಾಡಿಯನ್ನು ಕಟ್ಟಿ ಅದೇ ಕೋರ್ಟಿಗೆ ತಂದು ನಿಲ್ಲಿಸಿದ್ದರೆ, ಆ ಒಂದು ಕೋಟಿ ಪೌಂಡುಗಳು ಯಾವ ಗಾಡಿಯ ಪಾಲಿಗೆ ಸಲ್ಲುತ್ತಿದ್ದುವೋ ಹೇಳುವುದು ಕಷ್ಟ.