ವಿಕಿರಣ ಚಿಕಿತ್ಸೆಯಲ್ಲಿ ಕೃತಕ ಬುದ್ಧಿಮತ್ತೆ: ಕಂಪ್ಯೂಟರೇ ‘ಕರೆಂಟ್’ ಕೊಡುತ್ತದೆಯೇ?

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಕಡೆಯ ಕ್ಯಾನ್ಸರ್ ರೋಗಿಗಳು ವಿಕಿರಣ ಚಿಕಿತ್ಸೆಗೆ ಸಾಮಾನ್ಯವಾಗಿ ಬೆಳಗಾವಿ ಅಥವಾ ಹುಬ್ಬಳ್ಳಿಗೆ ಹೋಗುತ್ತಾರೆ. ಜನರ ಮಾತಿನಲ್ಲಿ ಇದು ‘ಕರೆಂಟ್ ಕೊಡುವುದು’. ಆದರೆ ಇಲ್ಲಿ ದೇಹಕ್ಕೆ ವಿದ್ಯುತ್ ಹರಿಸುವುದಿಲ್ಲ. ಯಂತ್ರದಿಂದ ಬರುವ ಪ್ರಬಲ ಎಕ್ಸ್‌ರೇ ಕಿರಣಗಳು ಗಡ್ಡೆಯ ಜೀವಕೋಶಗಳ ಡಿಎನ್‌ಎಯನ್ನು ಹಾಳುಮಾಡುತ್ತವೆ. ಹೊರಗಿನಿಂದ ಇಂಥ ಕಿರಣ ಪಡೆದವರ ದೇಹದಿಂದ ವಿಕಿರಣ ಹೊಮ್ಮುವುದಿಲ್ಲ; ಮಕ್ಕಳನ್ನು ಎತ್ತಿಕೊಳ್ಳಬಹುದು.

ಹಾಗಾದರೆ ಕೃತಕ ಬುದ್ಧಿಮತ್ತೆಗೆ ಇಲ್ಲಿ ಏನು ಕೆಲಸ?

ಕಿರಣ ಹಾಯಿಸುವ ಮೊದಲು ಸಿಟಿ ಸ್ಕ್ಯಾನ್ ಮಾಡುತ್ತಾರೆ. ಅದರ ಪ್ರತಿಯೊಂದು ಪದರದ ಚಿತ್ರದಲ್ಲೂ ಗಡ್ಡೆ ಎಲ್ಲಿದೆ, ಕಾಪಾಡಬೇಕಾದ ಅಂಗ ಎಲ್ಲಿದೆ ಎಂದು ವೈದ್ಯರು ಗೆರೆ ಎಳೆಯುತ್ತಾರೆ. ಜೊಲ್ಲು ಗ್ರಂಥಿಗೆ ಹೆಚ್ಚು ಕಿರಣ ತಗುಲಿದರೆ ಬಾಯಿ ಒಣಗಿ ರೊಟ್ಟಿ ನುಂಗುವುದೂ ಕಷ್ಟ. ಬೆನ್ನುಹುರಿಗೆ ತಗುಲಿದರೆ ಪಾರ್ಶ್ವವಾಯುವಿನ ಅಪಾಯ. ತಲೆ-ಕುತ್ತಿಗೆಯ ಕ್ಯಾನ್ಸರ್‌ನಲ್ಲಿ ಈ ಕೆಲಸಕ್ಕೆ ಗಂಟೆಗಟ್ಟಲೆ ಬೇಕು. ಕಂಪ್ಯೂಟರ್ ಮೊದಲ ಗೆರೆಗಳನ್ನು ಕೆಲವೇ ನಿಮಿಷಗಳಲ್ಲಿ ಎಳೆದುಕೊಡುತ್ತದೆ. 2015ರಲ್ಲಿ ಜರ್ಮನಿಯ ಫ್ರೈಬರ್ಗ್ ವಿಶ್ವವಿದ್ಯಾಲಯದವರು ರೂಪಿಸಿದ ‘ಯು-ನೆಟ್’ ಇದಕ್ಕೆ ದಾರಿಮಾಡಿತು. 2018ರಲ್ಲಿ ಡೀಪ್‌ಮೈಂಡ್ ಮತ್ತು ಲಂಡನ್ನಿನ ಆಸ್ಪತ್ರೆಯೊಂದರ ತಂಡ, ತಲೆ-ಕುತ್ತಿಗೆಯ 21 ಅಂಗಗಳಲ್ಲಿ ಬಹುಪಾಲನ್ನು ತಜ್ಞರಷ್ಟೇ ಚೆನ್ನಾಗಿ ಗುರುತಿಸುವ ತಂತ್ರಾಂಶವನ್ನು ವರದಿ ಮಾಡಿತು.

ಇನ್ನೂ ಸಂಶೋಧನೆ ಏಕೆ?

ತಂತ್ರಾಂಶ ತಾನು ಕಂಡ ಚಿತ್ರಗಳಿಂದಲೇ ಕಲಿಯುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ ಎಚ್‌ಪಿವಿ ವೈರಸ್‌ನಿಂದ ಬರುವ ಗಂಟಲಿನ ಕ್ಯಾನ್ಸರ್ ಹೆಚ್ಚು. ನಮ್ಮಲ್ಲಿ ತಂಬಾಕು, ಗುಟ್ಕಾದಿಂದ ಕೆನ್ನೆಯ ಒಳಭಾಗ ಮತ್ತು ವಸಡಿಗೆ ಬರುವುದು ಹೆಚ್ಚು. ಶಸ್ತ್ರಚಿಕಿತ್ಸೆಯಲ್ಲಿ ದವಡೆ ತೆಗೆದು ಬೇರೆಡೆಯ ಮಾಂಸ ಕೂಡಿಸಿದ್ದರೆ ಮುಖದ ಒಳರಚನೆಯೇ ಬದಲಾಗಿರುತ್ತದೆ. ಅಲ್ಲಿನ ಚಿತ್ರಗಳಿಂದ ಕಲಿತ ತಂತ್ರಾಂಶ ಇಲ್ಲಿ ತಪ್ಪು ಗೆರೆ ಎಳೆಯಬಹುದು. ಆದ್ದರಿಂದ ಪಿಎಚ್.ಡಿ. ಮುಗಿಸಿ ಈ ಕ್ಷೇತ್ರದಲ್ಲಿ ಸಂಶೋಧನೆ ಮುಂದುವರಿಸುವವರ ಮುಂದಿರುವ ಮುಖ್ಯ ಪ್ರಶ್ನೆಗಳು ಎರಡು: ಒಂದೆಡೆ ಕಲಿತದ್ದು ಇನ್ನೊಂದೆಡೆಯ ರೋಗಿಗಳಿಗೆ ಹೊಂದುತ್ತದೆಯೇ? ತನಗೆ ಖಚಿತವಿಲ್ಲದ ಜಾಗವನ್ನು ತಂತ್ರಾಂಶವೇ ತೋರಿಸುವಂತೆ ಮಾಡುವುದು ಹೇಗೆ?

ರೋಗಿಗೆ ತಿಳಿದಿರಬೇಕಾದದ್ದು

ಗೆರೆಯನ್ನು ಯಾರೇ ಎಳೆದಿರಲಿ, ಅದನ್ನು ವೈದ್ಯರು ತಿದ್ದಿ ಒಪ್ಪಬೇಕು. ಕಿರಣದ ಲೆಕ್ಕವನ್ನು ವೈದ್ಯಕೀಯ ಭೌತವಿಜ್ಞಾನಿ ಪರಿಶೀಲಿಸಬೇಕು. ಕಂಪ್ಯೂಟರ್ ಉಳಿಸುವುದು ಚಿಕಿತ್ಸೆಗೆ ಮುಂಚಿನ ಸಮಯವನ್ನು, ಚಿಕಿತ್ಸೆಯ ದಿನಗಳನ್ನಲ್ಲ. ಬಾಯಿ ಕ್ಯಾನ್ಸರ್‌ಗೆ ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ 6–7 ವಾರ ಕಿರಣ ಕೊಡುತ್ತಾರೆ. ಸುಗ್ಗಿ, ಜಾತ್ರೆ, ಬಸ್ಸಿನ ತೊಂದರೆ ಎಂದು ನಡುವೆ ಬಿಟ್ಟರೆ ಉಳಿದ ಕ್ಯಾನ್ಸರ್ ಕೋಶಗಳು ಮತ್ತೆ ಬೆಳೆಯುತ್ತವೆ. ಆ ನಷ್ಟವನ್ನು ಯಾವ ತಂತ್ರಾಂಶವೂ ತುಂಬಿಕೊಡದು. ಒಂದು ದಿನ ತಪ್ಪಿದರೂ ಕೂಡಲೇ ಆಸ್ಪತ್ರೆಗೆ ತಿಳಿಸಿ.