ಕಿತ್ತ ಹಲ್ಲಿನ ಲೆಕ್ಕ: ದಂತ ಚಿಕಿತ್ಸೆಯ ಕೌಟುಂಬಿಕ ಹೊರೆಯನ್ನು ಅಳೆಯುವ ಬಗೆ

ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಎಂಬ ಗಾದೆಯನ್ನು ಆರೋಗ್ಯ ಅರ್ಥಶಾಸ್ತ್ರದ ಒಂದು ಪ್ರಸಿದ್ಧ ಅಧ್ಯಯನ ತನಗರಿವಿಲ್ಲದೆಯೇ ಅರ್ಧದಷ್ಟು ಎತ್ತಿಹಿಡಿದಿದೆ. ಮಸೂದ್, ಶೀಹಾಮ್ ಮತ್ತು ಬರ್ನಾಬೆ 2015ರಲ್ಲಿ ಪ್ರಕಟಿಸಿದ ಆ ಲೇಖನ ಕೆಳ ಮತ್ತು ಮಧ್ಯಮ ಆದಾಯದ 41 ದೇಶಗಳ ಕುಟುಂಬಗಳನ್ನು ಪರಿಶೀಲಿಸಿ, ಹಲ್ಲಿನ ಖರ್ಚಿನಿಂದ ವಿನಾಶಕಾರಿ ಹೊರೆಗೆ ಸಿಕ್ಕುವ ಸಂಭವ ಸ್ಥಿತಿವಂತ, ನಗರವಾಸಿ ಕುಟುಂಬಗಳಲ್ಲೇ ಹೆಚ್ಚು ಎಂದು ತೋರಿಸಿತು. ಅಂಕಿಗಳ ಬಗ್ಗೆ ನನ್ನ ತಕರಾರಿಲ್ಲ. ಅವು ಏನನ್ನು ಅಳೆಯುತ್ತವೆ ಎಂಬುದರ ಬಗ್ಗೆ ಇದೆ.

ಹಿನ್ನೆಲೆಯನ್ನು ಚುಟುಕಾಗಿ ಹೇಳಬಹುದು. ಕುಟುಂಬವೊಂದು ಅನ್ನಾಹಾರದ ಖರ್ಚು ಕಳೆದು ಉಳಿಯುವ ಸಾಮರ್ಥ್ಯದಲ್ಲಿ ಶೇ. 40 ಅಥವಾ ಅದಕ್ಕಿಂತ ಹೆಚ್ಚನ್ನು ಚಿಕಿತ್ಸೆಗೆ ತೆತ್ತರೆ ಅದು ವಿನಾಶಕಾರಿ ವೆಚ್ಚ. ಈ ಗಡಿ 2003ರಲ್ಲಿ ಕ್ಸು ಮತ್ತು ಸಂಗಡಿಗರ ಲೇಖನದಿಂದ ರೂಢಿಗೆ ಬಂತು. ಒಟ್ಟು ಅನುಭೋಗದ ಶೇ. 10 ಅಥವಾ 25 ಎಂಬ ಬೇರೆ ಗಡಿಗಳೂ ಬಳಕೆಯಲ್ಲಿವೆ. ವಿಮೆಯ ರಕ್ಷಣೆ ಹಲ್ಲಿಗೆ ಬಹಳ ಕಡಿಮೆ ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. 2018ರ ಆಯುಷ್ಮಾನ್ ಭಾರತ ಯೋಜನೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆಸ್ಪತ್ರೆ ಖರ್ಚನ್ನು ಭರಿಸುತ್ತದೆ. ಆದರೆ ಅದು ಒಳರೋಗಿಗಳಿಗಾಗಿ ಕಟ್ಟಿದ್ದು. ಮುರಿದ ದವಡೆಗೆ, ಬಾಯಿಯ ಕ್ಯಾನ್ಸರಿಗೆ ಅಲ್ಲಿ ಜಾಗ ಸಿಗುತ್ತದೆ, ಹುಳುಕು ಹಲ್ಲಿನ ರೂಟ್ ಕೆನಾಲಿಗೆ ಸಾಮಾನ್ಯವಾಗಿ ಇಲ್ಲ. ಹೀಗಾಗಿ ಹಲ್ಲಿನ ಖರ್ಚು ಬಹುಪಾಲು ಜೇಬಿನಿಂದಲೇ ಹೋಗುತ್ತದೆ. ಇಷ್ಟರವರೆಗೆ ಎಲ್ಲರಿಗೂ ಸಮ್ಮತ.

ವಿವಾದ ಶುರುವಾಗುವುದು ಮುಂದಿನ ಹೆಜ್ಜೆಯಲ್ಲಿ. ಮಸೂದ್ ಮತ್ತಿತರರು ಬಳಸಿದ್ದು 2002-04ರ ವಿಶ್ವ ಆರೋಗ್ಯ ಸಮೀಕ್ಷೆ. ಅದು ಕಳೆದ ನಾಲ್ಕು ವಾರಗಳಲ್ಲಿ ದಂತವೈದ್ಯರಿಗೆ ಎಷ್ಟು ಕೊಟ್ಟಿರಿ ಎಂದು ಕೇಳುತ್ತದೆ. ಅವರ ಎಣಿಕೆಯಂತೆ ಈ ದೇಶಗಳಲ್ಲಿ ಶೇ. 7ರವರೆಗಿನ ಕುಟುಂಬಗಳು ಹಲ್ಲಿನಿಂದಾಗಿಯೇ ಶೇ. 40ರ ಗಡಿಯನ್ನು ಮುಟ್ಟಿದ್ದವು. ಆ ತಿಂಗಳು ಹಲ್ಲಿಗೆ ಖರ್ಚು ಮಾಡಿದವರನ್ನಷ್ಟೇ ಪರಿಗಣಿಸಿದರೆ ಪ್ರಮಾಣ ಶೇ. 35ರವರೆಗೆ ಏರುತ್ತಿತ್ತು. ಬಡವರು ವೈದ್ಯರ ಬಳಿಗೇ ಹೋಗುವುದಿಲ್ಲ, ಆದ್ದರಿಂದ ಅವರ ಹೊರೆ ಕಾಣುವುದಿಲ್ಲ ಎಂಬ ವಿವರಣೆ ಹೊಸದಲ್ಲ. ಅದು ಸಾಲದು ಎಂಬುದು ನನ್ನ ವಾದ. ಬಡವರು ಹೋಗುತ್ತಾರೆ. ಹೋಗಿ ಹಲ್ಲು ಕೀಳಿಸಿಕೊಂಡು ಬರುತ್ತಾರೆ.

ಎರಡು ಕಲ್ಪಿತ ಕುಟುಂಬಗಳನ್ನು ತೆಗೆದುಕೊಳ್ಳೋಣ. ಮೊದಲನೆಯದರ ತಿಂಗಳ ಖರ್ಚು 30,000 ರೂಪಾಯಿ, ಅದರಲ್ಲಿ ಆಹಾರಕ್ಕೆ 12,000. ಉಳಿದ ಸಾಮರ್ಥ್ಯ 18,000, ಅದರ ಶೇ. 40 ಎಂದರೆ 7,200. ದವಡೆ ಹಲ್ಲಿಗೆ ರೂಟ್ ಕೆನಾಲ್ ಮಾಡಿಸಿ ಕ್ಯಾಪ್ ಹಾಕಿಸಲು 7,500 ಆಯಿತೆನ್ನಿ: ಮನೆ ಆ ತಿಂಗಳು 'ವಿನಾಶ'ದ ಪಟ್ಟಿಗೆ ಸೇರಿತು. ಎರಡನೆಯದರ ತಿಂಗಳ ಖರ್ಚು 8,000, ಆಹಾರಕ್ಕೆ 5,500. ಸಾಮರ್ಥ್ಯ 2,500, ಗಡಿ 1,000. ಅದೇ ಹಲ್ಲನ್ನು ಉಳಿಸಲು ಈ ಮನೆಗೆ ತನ್ನ ಸಾಮರ್ಥ್ಯದ ಮೂರು ಪಟ್ಟು ಬೇಕು. ಆದ್ದರಿಂದ 400 ರೂಪಾಯಿಗೆ ಕೀಳಿಸಿದರು. ಸಾಮರ್ಥ್ಯದ ಶೇ. 16 ಮಾತ್ರ! ಸಮೀಕ್ಷೆಯ ದೃಷ್ಟಿಯಲ್ಲಿ ಈ ಮನೆ ಸುರಕ್ಷಿತ.

ಇನ್ನು ಅವಧಿಯನ್ನು ಬದಲಿಸಿ ನೋಡಿ. ಮೊದಲ ಮನೆಯ ವರ್ಷದ ಸಾಮರ್ಥ್ಯ 2,16,000. ಅದರಲ್ಲಿ 7,500 ಎಂದರೆ ಶೇ. 3.5. ವಿನಾಶ ಮಾಯವಾಯಿತು. ಹಲ್ಲಿನ ಖರ್ಚು ಮಧುಮೇಹದ ಮಾತ್ರೆಯಂತೆ ತಿಂಗಳು ತಿಂಗಳು ಹರಿಯುವುದಲ್ಲ. ಅಪರೂಪಕ್ಕೆ ಗಂಟಾಗಿ ಬಂದು ಬೀಳುತ್ತದೆ. ನಾಲ್ಕು ವಾರಗಳ ಕಿಟಕಿ ಆ ಗಂಟನ್ನು ಹಿಗ್ಗಿಸಿ ತೋರಿಸುತ್ತದೆ, ಅದೂ ಗಂಟು ಬಿಚ್ಚಬಲ್ಲವರ ಮನೆಯಲ್ಲಿ ಮಾತ್ರ. ಎರಡನೆಯ ಮನೆಯ ನಷ್ಟವಾದರೋ ಯಾವ ಕಿಟಕಿಯಲ್ಲೂ ಕಾಣದು, ಏಕೆಂದರೆ ಅವರು ತೆತ್ತದ್ದು ಹಲ್ಲನ್ನು.

ಇದಕ್ಕೆ ಇನ್ನೊಂದು ಸೋರಿಕೆಯನ್ನೂ ಸೇರಿಸಬೇಕು. ಹಲ್ಲುನೋವು ಬಂದ ಕೂಡಲೇ ದಂತವೈದ್ಯರ ಕುರ್ಚಿ ಹತ್ತುವವರು ಎಷ್ಟು ಮಂದಿ? ಮೊದಲು ಲವಂಗ, ಆಮೇಲೆ ಮೆಡಿಕಲ್ ಸ್ಟೋರಿನ ನೋವಿನ ಮಾತ್ರೆ, ಕೆನ್ನೆ ಊದಿದರೆ ಊರ ಡಾಕ್ಟರು ಬರೆದುಕೊಡುವ ಆ್ಯಂಟಿಬಯೋಟಿಕ್. ಇವೆಲ್ಲ ಸಮೀಕ್ಷೆಯಲ್ಲಿ 'ಔಷಧ' ಮತ್ತು 'ವೈದ್ಯರು' ಎಂಬ ಸಾಲುಗಳಿಗೆ ಹೋಗುತ್ತವೆ, 'ದಂತವೈದ್ಯರು' ಎಂಬ ಸಾಲಿಗಲ್ಲ. ಕಳೆದುಹೋದ ಕೂಲಿ ಯಾವ ಸಾಲಿಗೂ ಹೋಗುವುದಿಲ್ಲ.

ನನ್ನ ಪ್ರತಿಪಾದನೆ ಹೀಗಿದೆ: ಬಡ ಕುಟುಂಬದಲ್ಲಿ ಕಿತ್ತ ಹಲ್ಲು ಬಹುಮಟ್ಟಿಗೆ ಪಾವತಿಯ ಒಂದು ರೂಪ, ವೆಚ್ಚದ ಸಮೀಕ್ಷೆ ಅದನ್ನು ಉಳಿತಾಯವೆಂದು ಓದುತ್ತದೆ. 'ಬಹುಮಟ್ಟಿಗೆ' ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಕಿತ್ತ ಪ್ರತಿಯೊಂದು ಹಲ್ಲೂ ಹಣವಿಲ್ಲದ್ದಕ್ಕೇ ಹೋಯಿತು ಎನ್ನಲಾಗದು. ವಸಡಿನ ರೋಗದಿಂದ ಅಲುಗಾಡುವ ಹಲ್ಲನ್ನು ಕೋಟ್ಯಧೀಶನೂ ಕೀಳಿಸಬೇಕಾದೀತು. ಭಯವಿದೆ, ದೂರವಿದೆ, ಕೊನೆಯ ಗಳಿಗೆಯವರೆಗೆ ಸಹಿಸಿಕೊಳ್ಳುವ ಅಭ್ಯಾಸವಿದೆ. ದೇಶದಲ್ಲೇ ಅತಿ ಹೆಚ್ಚು ದಂತ ವೈದ್ಯಕೀಯ ಕಾಲೇಜುಗಳಿರುವ ರಾಜ್ಯ ಕರ್ನಾಟಕ. ಅಲ್ಲಿ ಕಡಿಮೆ ದರಕ್ಕೆ ಚಿಕಿತ್ಸೆ ಸಿಗುತ್ತದೆ ಎಂಬ ಆಕ್ಷೇಪವೂ ನ್ಯಾಯವಾದದ್ದೇ. ಆದರೆ ಕಾಲೇಜುಗಳು ಬೆಂಗಳೂರು, ಮಂಗಳೂರು, ದಾವಣಗೆರೆ, ಧಾರವಾಡದಂಥ ನಗರಗಳಲ್ಲಿ ನೆರೆದಿವೆ. ವಿದ್ಯಾರ್ಥಿಯ ಕೈಯಲ್ಲಿ ರೂಟ್ ಕೆನಾಲ್ ಒಂದೇ ದಿನಕ್ಕೆ ಮುಗಿಯುವುದೂ ಅಪರೂಪ. ಹಲ್ಲು ಕೀಳಲು ಒಂದು ದಿನದ ಕೂಲಿ ಸಾಕು. ಆದ್ದರಿಂದ ದರ ಇಳಿದರೂ ಆಯ್ಕೆ ಅತ್ತಲೇ ವಾಲಬಹುದು. ಎಷ್ಟು ವಾಲುತ್ತದೆ ಎಂಬುದನ್ನು ತರ್ಕ ಹೇಳಲಾರದು, ಎಣಿಕೆಯೇ ಹೇಳಬೇಕು.

ಎಣಿಕೆಯ ಸಾಧನವೇನೋ ದಂತಶಾಸ್ತ್ರದಲ್ಲಿ ಹಳೆಯದೇ ಇದೆ. ಕ್ಲೈನ್ ಮತ್ತು ಪಾಮರ್ 1930ರ ದಶಕದಲ್ಲಿ ರೂಪಿಸಿದ ಡಿಎಮ್‌ಎಫ್‌ಟಿ ಸೂಚ್ಯಂಕ ಒಬ್ಬರ ಬಾಯಲ್ಲಿ ಹುಳುಕಾದವು, ಇಲ್ಲವಾದವು, ತುಂಬಿಸಿದವು ಎಂದು ಹಲ್ಲುಗಳನ್ನು ಮೂರಾಗಿ ಎಣಿಸುತ್ತದೆ. ಒಟ್ಟು ಒಂದೇ ಇರುವ ಎರಡು ಬಾಯಿಗಳಲ್ಲಿ ಒಂದರಲ್ಲಿ ತುಂಬಿಸಿದವು ಹೆಚ್ಚು, ಇನ್ನೊಂದರಲ್ಲಿ ಇಲ್ಲವಾದವು ಹೆಚ್ಚು ಎಂದಾದರೆ, ರೋಗ ಸಮ, ಪರಿಣಾಮ ಬೇರೆ. ಅದೇ ಮನೆಗಳ ಖರ್ಚಿನ ಲೆಕ್ಕವೂ ಕೈಯಲ್ಲಿದ್ದರೆ, ಹಣವಾಗಿ ತೆತ್ತದ್ದನ್ನೂ ಹಲ್ಲಾಗಿ ತೆತ್ತದ್ದನ್ನೂ ಅಕ್ಕಪಕ್ಕ ಇಡಬಹುದು. ಸದ್ಯಕ್ಕೆ ಬಾಯಿ ನೋಡುವ ಸಮೀಕ್ಷೆ ಜೇಬು ಕೇಳುವುದಿಲ್ಲ, ಜೇಬು ಕೇಳುವ ಸಮೀಕ್ಷೆ ಬಾಯಿ ತೆರೆಸುವುದಿಲ್ಲ.

ಕರ್ನಾಟಕ 2014ರಲ್ಲಿ ಆರಂಭಿಸಿದ ದಂತಭಾಗ್ಯ ಯೋಜನೆ ಇಲ್ಲಿ ಅನಿರೀಕ್ಷಿತ ಸಾಕ್ಷಿಯಾಗುತ್ತದೆ. ಬಿಪಿಎಲ್ ಕುಟುಂಬದ, ಹಲ್ಲೆಲ್ಲ ಕಳೆದುಕೊಂಡ ಹಿರಿಯರಿಗೆ ದಂತ ಕಾಲೇಜುಗಳ ಮೂಲಕ ಉಚಿತವಾಗಿ ಹಲ್ಲು ಕಟ್ಟಿಸಿಕೊಡುವ ಯೋಜನೆ ಅದು. ಅದರ ಉಪಕಾರವನ್ನು ನಾನು ಕಡಿಮೆ ಮಾಡಿ ಹೇಳುತ್ತಿಲ್ಲ. ರೊಟ್ಟಿ ಅಗಿಯಲಾರದವರಿಗೆ ಅದು ದೊಡ್ಡ ಮಾತೇ. ಆದರೆ ಸರಕಾರ ಅಲ್ಲಿ ಪಾವತಿಸುತ್ತಿರುವುದು ಒಂದೊಂದು ಹಲ್ಲಾಗಿ ದಶಕಗಳ ಕಾಲ ಕುಟುಂಬಗಳೇ ತೆತ್ತ ಲೆಕ್ಕದ ಕೊನೆಯ ಕಂತನ್ನು. ಹಲ್ಲು ಕಟ್ಟಿಸಿಕೊಳ್ಳಲು ಬಂದವರನ್ನು ಯಾವ ಹಲ್ಲು ಯಾವಾಗ ಹೋಯಿತು, ಉಳಿಸಲು ಆಗ ಎಷ್ಟು ಕೇಳಿದ್ದರು ಎಂದು ವಿಚಾರಿಸಿದರೆ ಮೇಲಿನ ವಾದವನ್ನು ಒರೆಗೆ ಹಚ್ಚಬಹುದು. ತೊಡಕೂ ಅಲ್ಲೇ ಇದೆ. ಇಪ್ಪತ್ತು ವರ್ಷದ ಹಿಂದಿನ ನೋವನ್ನು ನೆನಪಿಟ್ಟವರು ಬೆಲೆಯನ್ನು ಮರೆತಿರಬಹುದು. ಬೆಲೆ ಕೇಳುವ ಮೊದಲೇ 'ಕಿತ್ತುಬಿಡಿ' ಎಂದವರಿಗೆ ಮರೆಯಲು ಬೆಲೆಯೇ ಇರಲಿಲ್ಲ. ಅಂಥವರನ್ನು ಯಾವ ಸಾಲಿನಲ್ಲಿ ಬರೆದುಕೊಳ್ಳಬೇಕೆಂಬುದು ನನಗಿನ್ನೂ ಬಗೆಹರಿದಿಲ್ಲ.