ಹಣ್ಣು ಬಿಡುವ ಬೇಲಿ: ಕವಳೆ, ಕೇಪಳ ಮತ್ತು ಕತ್ತರಿ ಹಾಕುವ ಕಾಲ

ನಗರದ ಮನೆಗಳ ಮುಂದೆ ಹಸಿರು ಬೇಲಿಯೆಂದರೆ ಈಗ ಎಲ್ಲೆಲ್ಲೂ ಡ್ಯುರಾಂಟ. ಅಮೆರಿಕದ ಉಷ್ಣವಲಯದಿಂದ ಬಂದ ಈ ಗಿಡದ ಹೊಂಬಣ್ಣದ ಎಲೆ ಕಣ್ಣಿಗೆ ಹಿತ. ಆದರೆ ಗೊಂಚಲಾಗಿ ತೂಗುವ ಅದರ ಹಳದಿ ಹಣ್ಣು ಮಕ್ಕಳ ಪಾಲಿಗೆ ವಿಷ. ಅದೇ ಜಾಗದಲ್ಲಿ ದನಕರುಗಳನ್ನು ತಡೆದು, ಬಿರುಬಿಸಿಲು ತಾಳಿಕೊಂಡು, ತಿನ್ನುವ ಹಣ್ಣನ್ನೂ ಕೊಡುವ ಕವಳೆ ನಮ್ಮ ಕುರುಚಲು ಕಾಡಿನಲ್ಲೇ ಇದೆ. ಬೇಲಿಯಾಗಿ ನೆಟ್ಟ ಕವಳೆ ಹುಲುಸಾಗಿ ಬೆಳೆದೂ ಕಾಯಿ ಬಿಡದಿದ್ದಾಗ ಮಣ್ಣು, ಗೊಬ್ಬರಗಳನ್ನು ದೂರುವ ಮುನ್ನ ಕತ್ತರಿ ಹಾಕಿದ ಕಾಲವನ್ನು ಪರೀಕ್ಷಿಸಬೇಕೆಂಬುದು ಈ ಲೇಖನದ ವಾದ.

ಕವಳೆಯೆಂದು ಜನ ಕರೆಯುವುದರಲ್ಲಿ ಎರಡು ಪ್ರಭೇದಗಳಿವೆ. ಗುಡ್ಡ, ಬಯಲುಗಳಲ್ಲಿ ತಾನಾಗಿ ಬೆಳೆಯುವ ಸಣ್ಣ ಹಣ್ಣಿನದು ಕರಿಸ್ಸ ಸ್ಪೈನಾರಮ್. ದಪ್ಪ ಕಾಯಿಯದು ಲಿನೇಯಸ್ 1767ರಲ್ಲಿ ಹೆಸರಿಸಿದ ಕರಿಸ್ಸ ಕರಂಡಾಸ್. ತೋಟಗಾರಿಕೆಯ ಗಮನ ಎರಡನೆಯದರ ಮೇಲೆ. ದಾಪೋಲಿಯ ಕೃಷಿ ವಿಶ್ವವಿದ್ಯಾಲಯ ‘ಕೊಂಕಣ್ ಬೋಲ್ಡ್’ ತಳಿಯನ್ನು, ಪಂತನಗರದ ವಿಶ್ವವಿದ್ಯಾಲಯ ‘ಪಂತ್ ಮನೋಹರ್’, ‘ಪಂತ್ ಸುದರ್ಶನ್’ಗಳನ್ನು ಹೊರತಂದಿವೆ. ಎಳೆಗಾಯಿ ಹಾಲು ಸುರಿಸುತ್ತದೆ, ಹುಳಿಯಾಗಿರುತ್ತದೆ; ಉಪ್ಪಿನಕಾಯಿಗೆ, ಗೊಜ್ಜಿಗೆ ಅದೇ ಬೇಕು. ಪೆಕ್ಟಿನ್ ಹೇರಳವಾಗಿರುವುದರಿಂದ ಜೆಲ್ಲಿಯೂ ಚೆನ್ನಾಗಿ ಗಟ್ಟಿಯಾಗುತ್ತದೆ. ಬೇಕರಿಯ ಕೇಕಿನ ಮೇಲೆ ಕೂರುವ ಕೆಂಪು ‘ಚೆರ್ರಿ’ ಎಷ್ಟೋ ಸಲ ಬಣ್ಣ ಹಾಕಿ ಸಕ್ಕರೆ ಪಾಕದಲ್ಲಿ ನೆನೆಸಿದ ಇದೇ ಕವಳೆಕಾಯಿ.

ಈಗ ಕತ್ತರಿಯ ವಿಚಾರ. ಕವಳೆಯ ಬಿಳಿ ಹೂಗೊಂಚಲು ಮೂಡುವುದು ಹೆಚ್ಚಾಗಿ ಟಿಸಿಲಿನ ತುದಿಯಲ್ಲಿ. ಬೇಸಿಗೆಯಲ್ಲಿ ಹೂ ಬಿಟ್ಟು, ಮುಂಗಾರಿನ ಆಸುಪಾಸು ಹಣ್ಣು ಕಪ್ಪಾಗುತ್ತದೆ. ಡ್ಯುರಾಂಟಕ್ಕೆ ಮಾಡುವಂತೆ ಆಗಾಗ ಗೋಡೆಯ ಹಾಗೆ ಸಮತಟ್ಟಾಗಿ ಸವರಿದರೆ ಉದುರಿಬೀಳುವುದು ಹೂ ಬಿಡಬೇಕಾದ ತುದಿಗಳೇ. ಕೊಯ್ಲು ಮುಗಿದ ಕೂಡಲೇ ಒಮ್ಮೆ ಸವರಿ ಬಿಟ್ಟರೆ ಹೊಸ ಚಿಗುರು ಬಲಿಯಲು ಮುಂದಿನ ಬೇಸಿಗೆಯವರೆಗೆ ಕಾಲ ಸಿಗುತ್ತದೆ. ಮುಳ್ಳು ಚುಚ್ಚುವ ಬೀದಿಯ ಬದಿಯನ್ನು ಬೇಕಾದಾಗ ಕತ್ತರಿಸಲಿ. ಅಂಗಳದ ಬದಿಯನ್ನು ಹಣ್ಣಿಗೆಂದೇ ಬಿಡಬೇಕು. ಬೇಲಿ ಕೊಂಚ ಅಂಕುಡೊಂಕಾಗಿ ಕಂಡೀತು. ಅದನ್ನು ಒಪ್ಪಿಕೊಳ್ಳುವುದು ಲೇಸು.

ಕರಾವಳಿ, ಮಲೆನಾಡುಗಳ ಕೇಪಳಕ್ಕೂ ಇದೇ ನಿಯಮ, ಏಕೆಂದರೆ ಅದರ ಕೆಂಪು ಗೊಂಚಲೂ ರೆಂಬೆಯ ತುದಿಯದು. ಪೂಜೆಗೆ ಹೂ, ತಂಬುಳಿಗೆ ಕುಡಿ, ಮಕ್ಕಳ ಬಾಯಿಗೆ ಹಣ್ಣು: ಇಷ್ಟು ಕೊಡುವ ಪೊದೆ ಇನ್ನೊಂದು ಸಿಗುವುದು ಕಷ್ಟ. ಹೂವಿನ ಸಣ್ಣ, ಉದ್ದ ಕೊಳವೆಗೆ ನಾಲಗೆ ಇಳಿಸಿ ಮಕರಂದ ಹೀರುವ ಚಿಟ್ಟೆಗಳು ಪರಾಗವನ್ನು ಸಾಗಿಸುತ್ತವೆ; ಚಿಟ್ಟೆಗಳನ್ನು ಕೊಲ್ಲುವ ಕೀಟನಾಶಕ ಸಿಂಪಡಿಸಿ ಹಣ್ಣು ಬಯಸುವಂತಿಲ್ಲ. ನರ್ಸರಿಯ ಗಿಡ್ಡ ತಳಿಗಳು ಹೂವಿಗಾಗಿಯೇ ಆಯ್ದವು, ಹಣ್ಣಿಗೆ ಅವನ್ನು ನೆಚ್ಚಬಾರದು. ಹಣ್ಣು ಬಿಟ್ಟದ್ದನ್ನು ಕಂಡ ಗಿಡದಿಂದಲೇ ಬೀಜ ಅಥವಾ ಕಡ್ಡಿ ತರಬೇಕು.

ಕವಳೆಯ ಬೀಜ ಒಣಗಿಸಿಟ್ಟರೆ ಬೇಗ ಮೊಳಕೆಯ ಶಕ್ತಿ ಕಳೆದುಕೊಳ್ಳುತ್ತದೆ. ಮಾಗಿದ ಹಣ್ಣಿನ ತಿರುಳು ತೊಳೆದು ಆಗಲೇ ಬಿತ್ತಬೇಕು. ಕಡ್ಡಿ ಸುಲಭವಾಗಿ ಬೇರು ಬಿಡದು. ಒಳ್ಳೆಯ ತಾಯಿಗಿಡ ಸಿಕ್ಕಿದರೆ ಮಳೆಗಾಲದಲ್ಲಿ ಗೂಟಿ ಕಟ್ಟುವುದೇ ಮೇಲು. ಬೇಲಿಗೆ ಎರಡು ಮೂರು ಅಡಿಗೊಂದರಂತೆ ನೆಡಬಹುದು. ಬುಡದಲ್ಲಿ ನೀರು ನಿಲ್ಲಬಾರದು. ಕೇಪಳಕ್ಕೆ ತುಸು ಹುಳಿ ಮಣ್ಣು ಬೇಕು. ಹೊಸ ಕಾಂಪೌಂಡಿಗೆ ತಾಗಿಸಿ ನೆಟ್ಟಾಗ ಸಿಮೆಂಟಿನ ಸುಣ್ಣದಿಂದ ಕಬ್ಬಿಣಾಂಶ ದಕ್ಕದೆ ಎಲೆ ಹಳದಿಗಟ್ಟುತ್ತದೆ. ಗೋಡೆಯಿಂದ ದೂರ ಸರಿಸಿ, ಬುಡಕ್ಕೆ ತರಗೆಲೆ ಮುಚ್ಚುತ್ತಾ ಬಂದರೆ ಹೊಸ ಎಲೆ ಹಸಿರಾಗಿ ಬರುತ್ತದೆ.